ಪದ ಪರಿಚಯ: ಅಭಿವ್ಯಕ್ತಿವಾದಿ ವಾಸ್ತುಶಿಲ್ಪ

ಚಿತ್ರಕಲೆಯ ಬಗ್ಗೆ ಓದುವವರಿಗೆ ‘ಎಕ್ಸ್‌ಪ್ರೆಶನಿಸಂ’ ಹೊಸದಲ್ಲ. ಕನ್ನಡದಲ್ಲಿ ಅಭಿವ್ಯಕ್ತಿವಾದ ಅನ್ನುತ್ತೇವೆ. ಕಂಡದ್ದನ್ನು ಕಂಡ ಹಾಗೇ ಬರೆಯುವುದಲ್ಲ, ಒಳಗೆ ಅನ್ನಿಸಿದ್ದಕ್ಕೆ ತಕ್ಕಂತೆ ಆಕಾರವನ್ನೇ ಬಗ್ಗಿಸುವುದು. ಚಿತ್ರದಲ್ಲಾದರೆ ಸರಿ. ಕಟ್ಟಡ ಮಳೆ ತಡೆಯಬೇಕು, ನೆಟ್ಟಗೆ ನಿಲ್ಲಬೇಕು ಅಲ್ವಾ? ಅದು ಭಾವನೆ ಹೇಳುವುದು ಹೇಗೆ?

ಜರ್ಮನಿಯ ವಾಸ್ತುಶಿಲ್ಪಿ ಎರಿಕ್ ಮೆಂಡೆಲ್‌ಸೋನ್ ಅದನ್ನು ಮಾಡಿ ತೋರಿಸಿದರು. 1887ರಲ್ಲಿ ಪೂರ್ವ ಪ್ರಷ್ಯಾದ ಅಲೆನ್‌ಸ್ಟೈನ್‌ನಲ್ಲಿ ಹುಟ್ಟಿದವರು. ಆ ಊರು ಈಗ ಪೋಲೆಂಡಿನಲ್ಲಿದೆ. ಮೊದಲ ಮಹಾಯುದ್ಧದಲ್ಲಿ ಸೈನಿಕರಾಗಿದ್ದಾಗ ಪುಟ್ಟ ಪುಟ್ಟ ಕಾಗದಗಳ ಮೇಲೆ ಕಟ್ಟಡಗಳನ್ನು ಗೀಚುತ್ತಿದ್ದರು. ಎಲ್ಲವೂ ಒಂದೇ ಉಸಿರಿಗೆ ಎಳೆದ ಹಾಗಿರುವ ದಪ್ಪ ಗೆರೆಗಳು.

ಆ ಗೆರೆಗಳು ಗೋಡೆಯಾದದ್ದು ಬರ್ಲಿನ್ ಪಕ್ಕದ ಪಾಟ್ಸ್‌ಡ್ಯಾಮ್‌ನ ಐನ್‌ಸ್ಟೈನ್ ಗೋಪುರದಲ್ಲಿ. ಸೂರ್ಯನ ಗುರುತ್ವದಿಂದಾಗಿ ಅದರ ಬೆಳಕು ಒಂಚೂರು ಕೆಂಪಿನ ಕಡೆಗೆ ಸರಿಯಬೇಕು ಎಂದು ಐನ್‌ಸ್ಟೈನ್ ಹೇಳಿದ್ದರು. ಅದನ್ನು ಅಳೆದು ನೋಡಲು ಖಗೋಳ ವಿಜ್ಞಾನಿ ಎರ್ವಿನ್ ಫ್ರಾಯ್ಂಡ್‌ಲಿಶ್‌ ಅವರಿಗೆ ಒಂದು ಗೋಪುರ ಬೇಕಿತ್ತು. ಮೇಲಿನ ಗುಮ್ಮಟದ ಕನ್ನಡಿಗಳು ಬಿಸಿಲನ್ನು ಹಿಡಿದು ನೆಲಮಾಳಿಗೆಯ ಪ್ರಯೋಗಾಲಯಕ್ಕೆ ಇಳಿಸುತ್ತವೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ನಡೆಸುವ ಕೊಡೈಕೆನಾಲ್ ವೀಕ್ಷಣಾಲಯದಲ್ಲೂ ಗೋಪುರದ ಕನ್ನಡಿಗಳು ಬಿಸಿಲನ್ನು ಹೀಗೇ ಕೆಳಗಿಳಿಸುತ್ತವೆ. ಅಲ್ಲಿ ಬೆಳಕು ಆಮೇಲೆ ಸುರಂಗದಲ್ಲಿ ಅಡ್ಡಡ್ಡ ಸಾಗುತ್ತದೆ.

ಕೆಲಸ ಇಷ್ಟೇ ಆಗಿದ್ದರೆ ಸುಮ್ನೆ ಒಂದು ಕೊಳವೆ ನಿಲ್ಲಿಸಿದ್ದರೂ ಸಾಕಿತ್ತು. ಮೆಂಡೆಲ್‌ಸೋನ್ ಹಾಗೆ ಮಾಡಲಿಲ್ಲ. ಚೂಪಾದ ಮೂಲೆ ಹುಡುಕಿದರೂ ಸಿಗುವುದು ಕಷ್ಟ. ಕಿಟಕಿಗಳು ಹಸಿ ಜೇಡಿಮಣ್ಣನ್ನು ಹೆಬ್ಬೆರಳಿಂದ ಒತ್ತಿದಷ್ಟು ಮೆತ್ತಗೆ ಒಳಕ್ಕೆ ಹೋಗಿವೆ. ಐನ್‌ಸ್ಟೈನ್ ಮಾತಿನಿಂದ ಜಗತ್ತಿನ ಬಗ್ಗೆ ನಮ್ಮ ತಿಳಿವಳಿಕೆಯೇ ಅಲುಗಾಡಿದ ಹೊತ್ತಿನ ಬೆರಗು ಆ ಗೋಡೆಯಲ್ಲಿದೆ. ಅಭಿವ್ಯಕ್ತಿವಾದ ಅಂದರೆ ನನಗೆ ಮೊದಲು ನೆನಪಾಗುವುದೇ ಈ ಕಿಟಕಿಗಳು.

ಇಡೀ ಗೋಪುರವನ್ನು ಕಾಂಕ್ರೀಟಿನಲ್ಲಿ ಎರಕ ಹೊಯ್ಯಬೇಕೆಂದಿತ್ತು. ಆ ಬಾಗುಗಳಿಗೆ ಅಚ್ಚು ಕಟ್ಟುವುದು ಕಷ್ಟ, ಯುದ್ಧ ಮುಗಿದ ಹೊಸತರಲ್ಲಿ ಸಾಮಗ್ರಿಯೂ ಇಲ್ಲ. ಹಾಗಾಗಿ ಜಾಸ್ತಿ ಭಾಗ ಇಟ್ಟಿಗೆಯಲ್ಲಿ ಕಟ್ಟಿ, ಮೇಲೆ ಗಾರೆ ಬಳಿದು ನುಣುಪು ಮಾಡಿದರು. ಕೆಲವೇ ವರ್ಷಗಳಲ್ಲಿ ಬಿರುಕು ಬಿಟ್ಟು ನೀರು ಇಳಿಯಿತು. 1927ರ ಹೊತ್ತಿಗೆ ದೊಡ್ಡ ರಿಪೇರಿಯೇ ಬೇಕಾಯಿತು.

ಆಮೇಲೆ ಅವರ ಗೆರೆಗಳು ಶಾಂತವಾದವು. 1930ರ ಕೆಮ್ನಿಟ್ಸ್‌ನ ಶೊಕೆನ್ ಅಂಗಡಿಯಲ್ಲಿ ಉದ್ದನೆಯ ಕಿಟಕಿ ಸಾಲು ಬೀದಿಯ ತಿರುವಿನ ಜೊತೆಗೇ ಬಾಗುತ್ತದೆ. ಯಹೂದಿಯಾದ ಅವರು 1933ರಲ್ಲಿ ಜರ್ಮನಿ ಬಿಟ್ಟು ಹೋಗಬೇಕಾಯಿತು. ಇಂಗ್ಲೆಂಡ್, ಪ್ಯಾಲೆಸ್ಟೈನ್, ಕೊನೆಗೆ ಅಮೆರಿಕ. 1953ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ತೀರಿಕೊಂಡರು. ಪಾಟ್ಸ್‌ಡ್ಯಾಮ್‌ನ ಗೋಪುರ ಮತ್ತೆ ಮತ್ತೆ ದುರಸ್ತಿ ಕಂಡು ಇವತ್ತಿಗೂ ನಿಂತಿದೆ.