ಕಾನ್ ಲೇಹಿ ಬ್ರಿಟಿಷನೇ? ಮತ್ತೊಮ್ಮೆ ಉತ್ತರ

ಪ್ರಶ್ನೆ: ಹಳೆಯ ಹೈಜಂಪ್ ಪದಕಪಟ್ಟಿಗಳಲ್ಲಿ ಕಾನ್ ಲೇಹಿಯ ಹೆಸರಿನ ಮುಂದೆ ಬ್ರಿಟನ್ ಎಂದಿದೆ. ನೀವು ಮಾತ್ರ ಅವನನ್ನು ಐರಿಷ್ ಎನ್ನುತ್ತೀರಿ. ಯಾವುದು ಸರಿ?

ಈ ಪ್ರಶ್ನೆ ಎಷ್ಟು ಸಲ ಬಂದಿದೆಯೆಂದರೆ, ಮೊದಲ ಸಾಲು ಕಂಡೊಡನೆ ಉಳಿದದ್ದನ್ನು ನಾನೇ ಹೇಳಬಲ್ಲೆ. ಪಟ್ಟಿಯೂ ಸರಿ, ನಾನೂ ಸರಿ. 'ಬ್ರಿಟನ್ ಎಂದು ಬರೆದಿದೆ, ಅಂದ ಮೇಲೆ ಅವನೇ ಒಪ್ಪಿ ಬ್ರಿಟನ್ ಪರ ಜಿಗಿದಿರಬೇಕು' ಎಂಬ ಊಹೆ ಮಾತ್ರ ತಪ್ಪು. ಎಷ್ಟು ಕಿತ್ತರೂ ಮತ್ತೆ ಚಿಗುರುವ ಕಳೆ ಅದು.

ಆಗ ಒಲಿಂಪಿಕ್ಸ್ ಎನಿಸಿದ್ದ 1906ರ ಅಥೆನ್ಸ್ ಕೂಟವನ್ನೇ ನೋಡಿ. ಲೇಹಿ, ಪೀಟರ್ ಓ'ಕಾನರ್, ಜಾನ್ ಡಾಲಿ ಮೂವರೂ ಐರಿಷ್ ಸಂಘಗಳು ಕೂಡಿಸಿದ ಹಣದಲ್ಲಿ, ಎದೆಯ ಮೇಲೆ ಐರ್ಲೆಂಡಿನ ಗುರುತಾದ ಶ್ಯಾಮ್‌ರಾಕ್ ಎಲೆಯ ಚಿಹ್ನೆಯಿದ್ದ ಹಸಿರು ಕೋಟು ತೊಟ್ಟು ಹೊರಟವರು. ಅಲ್ಲಿ ಹೋಗಿ ನೋಡಿದರೆ ಹೆಸರುಗಳು ಬ್ರಿಟನ್ನಿನ ಲೆಕ್ಕಕ್ಕೆ ಸೇರಿದ್ದವು. ರಾಷ್ಟ್ರೀಯ ಒಲಿಂಪಿಕ್ ಸಮಿತಿ ಕಳಿಸಿದವರಿಗಷ್ಟೇ ಪ್ರವೇಶ ಎಂಬ ನಿಯಮವಿತ್ತು. ಆಗ ಬ್ರಿಟನ್ ಆಳ್ವಿಕೆಯಲ್ಲಿದ್ದ ಐರ್ಲೆಂಡಿಗೆ ಅಂಥ ಸಮಿತಿ ಇರಲಿಲ್ಲ. ಲಾಂಗ್‌ಜಂಪ್‌ನಲ್ಲಿ ಎರಡನೆಯವನಾದ ಓ'ಕಾನರ್‌ಗಾಗಿ ಬ್ರಿಟಿಷ್ ಬಾವುಟ ಏರಿದಾಗ ಅವನು ಸರಸರನೆ ಧ್ವಜಸ್ತಂಭ ಹತ್ತಿ, 'ಎರಿನ್ ಗೋ ಬ್ರಾ' ಎಂಬ ಬರಹವಿದ್ದ ಹಸಿರು ಬಾವುಟ ಬೀಸಿದ. ಐರ್ಲೆಂಡ್ ಚಿರಾಯುವಾಗಲಿ ಎಂದು ಅದರರ್ಥ. ಯಾರೂ ಅವನನ್ನು ಕೆಳಗೆಳೆಯದಂತೆ ಕಂಬದ ಬುಡದಲ್ಲಿ ಕಾವಲು ನಿಂತವರಲ್ಲಿ ನಮ್ಮ ಲೇಹಿಯೂ ಒಬ್ಬ. ಇವನೇ ಒಪ್ಪಿ ಬ್ರಿಟನ್ ಪರ ಜಿಗಿದವನೇ?

'ಇಂಗ್ಲೆಂಡಿನ ಹವ್ಯಾಸಿ ಅಥ್ಲೆಟಿಕ್ ಸಂಘದ (ಎಎಎ) ಕೂಟವನ್ನು 1905ರಿಂದ 1908ರವರೆಗೆ ಸತತ ಗೆದ್ದನಲ್ಲ' ಎನ್ನುವವರಿದ್ದಾರೆ. ಅಮೆರಿಕನ್ನರೂ ಬಂದು ಗೆದ್ದುಕೊಂಡು ಹೋಗುತ್ತಿದ್ದ ಕೂಟ ಅದು, ಮಹಾಶಯರೇ.

ಉಳಿದ ಲೆಕ್ಕ ಚಿಕ್ಕದು. ಅಥೆನ್ಸ್‌ನಲ್ಲಿ 1.775 ಮೀಟರ್ ಜಿಗಿದು ಚಿನ್ನ, ಟ್ರಿಪಲ್ ಜಂಪ್‌ನಲ್ಲಿ ಓ'ಕಾನರ್ ಹಿಂದೆ ಬೆಳ್ಳಿ. ಆ ಕೂಟವನ್ನು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಈಗ ಒಲಿಂಪಿಕ್ಸ್ ಎಂದು ಎಣಿಸುವುದಿಲ್ಲ. 1908ರ ಲಂಡನ್‌ನಲ್ಲಿ 1.88 ಮೀಟರ್ ಜಿಗಿದು ಹಂಗೇರಿಯ ಸೊಮೊಡಿ, ಫ್ರಾನ್ಸಿನ ಆಂದ್ರೆ ಜೊತೆ ಬೆಳ್ಳಿ ಹಂಚಿಕೊಂಡ. ಅಲ್ಲಿ ತಂಡದ ಹೆಸರೇ 'ಗ್ರೇಟ್ ಬ್ರಿಟನ್ ಮತ್ತು ಐರ್ಲೆಂಡ್'. ಮರುವರ್ಷ ಅಮೆರಿಕಕ್ಕೆ ಹೋದವನು 1921ರಲ್ಲಿ ತೀರಿಕೊಂಡ. ಐರ್ಲೆಂಡ್ ತನ್ನದೇ ಹೆಸರಿನಲ್ಲಿ ಒಲಿಂಪಿಕ್ಸ್‌ಗೆ ಇಳಿದದ್ದು 1924ರಲ್ಲಿ.

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಲೇಹಿಯ ತಮ್ಮ ಪ್ಯಾಟ್ರಿಕ್ 1900ರ ಪ್ಯಾರಿಸ್ ಹೈಜಂಪ್‌ನಲ್ಲಿ ಬೆಳ್ಳಿ ಗೆದ್ದವನು. ಅದೇ ಕೂಟದಲ್ಲಿ ಕಲ್ಕತ್ತದಲ್ಲಿ ಹುಟ್ಟಿದ ನಾರ್ಮನ್ ಪ್ರಿಚರ್ಡ್‌ಗೆ 200 ಮೀಟರ್ ಓಟ ಮತ್ತು 200 ಮೀಟರ್ ಹರ್ಡಲ್ಸ್‌ನಲ್ಲಿ ಎರಡು ಬೆಳ್ಳಿ. ಒಲಿಂಪಿಕ್ ಸಮಿತಿ ಅವನ್ನು ಭಾರತದ ಖಾತೆಗೆ ಬರೆದಿದೆ, ಅವು ಬ್ರಿಟನ್ನಿನವು ಎಂದು ವಾದಿಸುವ ಇತಿಹಾಸಕಾರರೂ ಇದ್ದಾರೆ. ಲೇಹಿಯ ವಿಷಯದಲ್ಲಿ ಪಟ್ಟಿಯೇ ಪ್ರಮಾಣ ಎನ್ನುವ ಓದುಗರು, ಪ್ರಿಚರ್ಡ್ ಹೆಸರೆತ್ತಿದೊಡನೆ ಹುಟ್ಟೂರು ಯಾವುದೆಂದು ವಿಚಾರಿಸುತ್ತಾರೆ.