ಕಡತದಿಂದ ಕಳಚಿದ ಹಾಳೆ: ರಹಸ್ಯ ಕಾಯ್ದೆ ಮತ್ತು ಸೋರಿಕೆ ರಾಜಕಾರಣದ ಹಿನ್ನೆಲೆ

2019ರ ಫೆಬ್ರುವರಿ 8ರಂದು ಒಂದೇ ಹಾಳೆಯನ್ನು ದೇಶ ಎರಡು ಸಲ ನೋಡಿತು. ಬೆಳಿಗ್ಗೆ ‘ದಿ ಹಿಂದೂ’ ಪತ್ರಿಕೆಯಲ್ಲಿ ಬಂದದ್ದು ರಕ್ಷಣಾ ಸಚಿವಾಲಯದ ಕಡತದ ಒಂದು ಟಿಪ್ಪಣಿ. ರಫೇಲ್ ಯುದ್ಧವಿಮಾನ ಖರೀದಿ ವಿಷಯದಲ್ಲಿ ಪ್ರಧಾನಿ ಕಚೇರಿ ಫ್ರಾನ್ಸ್ ಜತೆ ಪ್ರತ್ಯೇಕವಾಗಿ ಮಾತಾಡುತ್ತಿದೆ, ಇದರಿಂದ ನಮ್ಮ ತಂಡದ ಚೌಕಾಸಿಗೆ ಪೆಟ್ಟು ಬೀಳುತ್ತಿದೆ ಎಂದು 2015ರ ನವೆಂಬರ್ 24ರಂದು ಉಪ ಕಾರ್ಯದರ್ಶಿಯೊಬ್ಬರು ಬರೆದದ್ದು. ಇಂಥ ಮಾತುಕತೆ ಬೇಡವೆಂದು ರಕ್ಷಣಾ ಕಾರ್ಯದರ್ಶಿ ಹಾಕಿದ ಕೈಬರಹದ ಷರಾ ಕೂಡ ಅದರಲ್ಲಿತ್ತು. ಕೆಲವೇ ಗಂಟೆಗಳಲ್ಲಿ ಎಎನ್‌ಐ ಸುದ್ದಿಸಂಸ್ಥೆ ಅದೇ ಹಾಳೆಯನ್ನು ಪೂರ್ತಿಯಾಗಿ ಹೊರಬಿಟ್ಟಿತು. ಅದರಲ್ಲಿ ಇನ್ನೊಂದು ಕೈಬರಹವಿತ್ತು, ಆಗಿನ ರಕ್ಷಣಾ ಸಚಿವ ಮನೋಹರ್ ಪರ‍್ರೀಕರ್ ಅವರದು. ಐದನೇ ಪ್ಯಾರಾ ಅತಿಯಾದ ಪ್ರತಿಕ್ರಿಯೆಯಂತೆ ಕಾಣುತ್ತದೆ, ಪ್ರಧಾನಿಯವರ ಪ್ರಧಾನ ಕಾರ್ಯದರ್ಶಿ ಜತೆ ಮಾತಾಡಿ ಬಗೆಹರಿಸಿಕೊಳ್ಳಿ ಎಂಬುದು ಅದರ ತಾತ್ಪರ್ಯ.

ಬೆಳಗಿನ ಹಾಳೆ ವಿರೋಧ ಪಕ್ಷಕ್ಕೆ ಅಸ್ತ್ರವಾಯಿತು, ಪೂರ್ತಿ ಹಾಳೆ ಆಡಳಿತ ಪಕ್ಷಕ್ಕೆ. ಗಮನಿಸಬೇಕಾದ್ದು ಏನೆಂದರೆ, ಎರಡನೆಯದೂ ಅದೇ ಗೋಪ್ಯ ಕಡತದ ಹಾಳೆಯೇ. ಅದು ಹೊರಬಂದದ್ದಕ್ಕೆ ಯಾರೂ ಕಳವಿನ ಮಾತೆತ್ತಲಿಲ್ಲ.

ಸಚಿವಾಲಯದ ಕಡತ ಓದಿ ರೂಢಿಯಿದ್ದವರಿಗೆ ಇದರಲ್ಲಿ ಅಚ್ಚರಿ ಇಲ್ಲ. ಕಡತದಲ್ಲಿ ಎರಡು ಭಾಗ: ಟಿಪ್ಪಣಿ ಮತ್ತು ಪತ್ರ ವ್ಯವಹಾರ. ಟಿಪ್ಪಣಿ ಕೆಳಗಿನ ಮೇಜಿನಿಂದ ಶುರುವಾಗಿ ಮೇಲೆ ಹೋಗುತ್ತದೆ. ಪ್ಯಾರಾಗಳಿಗೆ ಸಂಖ್ಯೆ ಇರುತ್ತದೆ, ಪ್ರತಿ ಅಧಿಕಾರಿಯೂ ತನ್ನ ಮಾತು ಬರೆದು, ಸಹಿ ಮತ್ತು ದಿನಾಂಕ ಹಾಕಿ ಮುಂದಕ್ಕೆ ಕಳಿಸುತ್ತಾನೆ. ಜಾಗ ಸಾಲದಿದ್ದರೆ ಅಂಚಿನಲ್ಲೇ ಷರಾ. ಅಂದರೆ ಟಿಪ್ಪಣಿ ಹಾಳೆ ತೀರ್ಮಾನವಲ್ಲ, ತೀರ್ಮಾನಕ್ಕೆ ಮುಂಚಿನ ಜಗಳ. ಒಂದು ಪುಟ ಕಿತ್ತು ತೋರಿಸಿದರೆ ಜಗಳದ ಒಂದು ಬದಿ ಮಾತ್ರ ಕಾಣುತ್ತದೆ. ಸೋರಿದ ಹಾಳೆ ಕೈಗೆ ಸಿಕ್ಕಾಗ ಮೊದಲು ನೋಡಬೇಕಾದ್ದು ವಿಷಯವನ್ನಲ್ಲ: ಟಿಪ್ಪಣಿ ಸಂಖ್ಯೆ ಎಷ್ಟು, ಕೊನೆಯ ಸಹಿ ಯಾರದು, ಆ ಸಹಿಯ ನಂತರ ಕಡತ ಯಾರ ಮೇಜಿಗೆ ಹೋಯಿತು, ಹಾಳೆಯ ಅಂಚು ಕತ್ತರಿಸಿದೆಯೇ ಎಂಬುದನ್ನು.

ಇಂಥ ಹಾಳೆಗಳ ಸುತ್ತ ಇರುವ ಕಾನೂನು ಹುಟ್ಟಿದ್ದೇ ಒಬ್ಬ ನಕಲು ಗುಮಾಸ್ತನಿಂದ. 1878ರಲ್ಲಿ ಬ್ರಿಟನ್ನಿನ ವಿದೇಶಾಂಗ ಕಚೇರಿಯಲ್ಲಿ ಪ್ರತಿ ಬರೆಯುವ ಕೆಲಸಕ್ಕಿದ್ದ ಚಾರ್ಲ್ಸ್ ಮಾರ್ವಿನ್, ರಷ್ಯಾ ಜತೆಗಿನ ಗುಪ್ತ ಒಪ್ಪಂದದ ವಿವರವನ್ನು ‘ಗ್ಲೋಬ್’ ಪತ್ರಿಕೆಗೆ ಕೊಟ್ಟ. ಕಳವಿನ ಮೊಕದ್ದಮೆ ಹೂಡಿದರು, ನಿಲ್ಲಲಿಲ್ಲ. ಆತ ಕಾಗದ ಕದ್ದಿರಲಿಲ್ಲ, ತಲೆಯಲ್ಲಿ ಇಟ್ಟುಕೊಂಡು ಹೋಗಿದ್ದ. ಆ ತೂತು ಮುಚ್ಚುವ ಯತ್ನವೇ 1889ರ ಅಧಿಕೃತ ರಹಸ್ಯಗಳ ಕಾಯ್ದೆ. ಅದೇ ವರ್ಷ ಅದು ಹಡಗು ಹತ್ತಿ ಭಾರತಕ್ಕೂ ಬಂತು. 1904ರಲ್ಲಿ ಕರ್ಜನ್ ಕಾಲದಲ್ಲಿ ಬಿಗಿಯಾಯಿತು, 1923ರಲ್ಲಿ ಈಗಿನ ರೂಪ ಪಡೆಯಿತು. ಸ್ವಾತಂತ್ರ್ಯ ಬಂತು, ಸಂವಿಧಾನ ಬಂತು, ಕಾಯ್ದೆ ಉಳಿಯಿತು.

ಈ ಕಾಯ್ದೆಯ 3ನೇ ಸೆಕ್ಷನ್ ಗೂಢಚರ್ಯೆಗೆ. ರಕ್ಷಣೆಗೆ ಸಂಬಂಧಿಸಿದ್ದಾದರೆ 14 ವರ್ಷದವರೆಗೆ ಜೈಲು. ಅದರ ಬಗ್ಗೆ ಯಾರದೂ ಹೆಚ್ಚು ತಕರಾರಿಲ್ಲ. ತಕರಾರಿರುವುದು 5ನೇ ಸೆಕ್ಷನ್‌ನದು. ಗೋಪ್ಯ ಮಾಹಿತಿ ಕೊಟ್ಟವನಂತೆ ಅರಿತು ಪಡೆದವನೂ ಅಪರಾಧಿ, 3 ವರ್ಷದವರೆಗೆ ಶಿಕ್ಷೆ. ಆದರೆ ‘ರಹಸ್ಯ’ ಎಂದರೇನು ಎಂಬ ವ್ಯಾಖ್ಯೆ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಟಾಪ್ ಸೀಕ್ರೆಟ್, ಸೀಕ್ರೆಟ್, ಕಾನ್ಫಿಡೆನ್ಶಿಯಲ್, ರಿಸ್ಟ್ರಿಕ್ಟೆಡ್ ಎಂಬ ನಾಲ್ಕು ಮೊಹರುಗಳು ಇಲಾಖಾ ಭದ್ರತಾ ಕೈಪಿಡಿಯಿಂದ ಬಂದವು, ಶಾಸನದಿಂದಲ್ಲ. ಮೊಹರು ಒತ್ತುವ ಅಧಿಕಾರಿಗೆ ಕಡಿಮೆ ದರ್ಜೆ ಹಾಕಿದರೆ ನಾಳೆ ತಲೆನೋವು, ಹೆಚ್ಚು ಹಾಕಿದರೆ ಯಾರೂ ಕೇಳುವುದಿಲ್ಲ. ಹೀಗಾಗಿ ಮೊಹರು ಯಾವಾಗಲೂ ಮೇಲಕ್ಕೇ ಜಾರುತ್ತದೆ.

ಇನ್ನೊಂದು ಸೆಕ್ಷನ್ ಇದೆ, ಚರ್ಚೆಗೆ ಬರುವುದೇ ಕಡಿಮೆ. 13ನೇ ಸೆಕ್ಷನ್ ಪ್ರಕಾರ ಸರ್ಕಾರದ ಆದೇಶದ ಮೇಲೆ ದೂರು ಬಂದರೆ ಮಾತ್ರ ನ್ಯಾಯಾಲಯ ಪ್ರಕರಣವನ್ನು ವಿಚಾರಣೆಗೆ ಎತ್ತಿಕೊಳ್ಳಬಹುದು. ಯಾವ ಸೋರಿಕೆ ಅಪರಾಧ, ಯಾವುದು ‘ಮೂಲಗಳಿಂದ ತಿಳಿದುಬಂದ’ ಸುದ್ದಿ ಎಂದು ಮೊದಲು ಬೇರ್ಪಡಿಸುವುದು ಸರ್ಕಾರವೇ. ಸೋರಿಕೆ ರಾಜಕಾರಣದ ಗಂಟು ಇರುವುದು ಇಲ್ಲಿ.

ಈ ಅಧಿಕಾರ ಎಷ್ಟು ದೂರ ಹೋಗಬಲ್ಲದು ಎನ್ನುವುದಕ್ಕೆ ಪತ್ರಕರ್ತ ಇಫ್ತಿಕಾರ್ ಗಿಲಾನಿ ಪ್ರಕರಣ ನೋಡಬೇಕು. 2002ರ ಜೂನ್‌ನಲ್ಲಿ ಅವರನ್ನು ಬಂಧಿಸಲಾಯಿತು. ಅವರ ಕಂಪ್ಯೂಟರ್‌ನಲ್ಲಿ ಸಿಕ್ಕ, ಕಾಶ್ಮೀರದಲ್ಲಿನ ಸೇನಾ ನಿಯೋಜನೆ ಕುರಿತ ಬರಹ ರಹಸ್ಯ ಎನ್ನಲಾಯಿತು. ಅದು ಪಾಕಿಸ್ತಾನದ ಸಂಸ್ಥೆಯೊಂದು ಮೊದಲೇ ಪ್ರಕಟಿಸಿದ್ದ ಲೇಖನ. ಸೇನೆಯ ಗುಪ್ತಚರ ವಿಭಾಗವೇ ಇದರಲ್ಲಿ ರಹಸ್ಯವಿಲ್ಲ ಎಂದ ಮೇಲೆ 2003ರ ಜನವರಿಯಲ್ಲಿ ಪ್ರಕರಣ ವಾಪಸಾಯಿತು. ಅಷ್ಟರಲ್ಲಿ ಏಳು ತಿಂಗಳು ತಿಹಾರ್ ಜೈಲಿನಲ್ಲಿ ಕಳೆದಿದ್ದವು.

ಸೋರಿಕೆ ಸರ್ಕಾರವನ್ನೇ ಬೀಳಿಸುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದ್ದು ಬೊಫೋರ್ಸ್‌ನಿಂದ. 1986ರ ಮಾರ್ಚ್ 24ರಂದು ಸ್ವೀಡನ್ನಿನ ಆ ಕಂಪನಿ ಜತೆ 1,437 ಕೋಟಿ ರೂಪಾಯಿಯ ಫಿರಂಗಿ ಒಪ್ಪಂದ. 1987ರ ಏಪ್ರಿಲ್ 16ರಂದು ಸ್ವೀಡನ್ ರೇಡಿಯೊದಲ್ಲಿ ಲಂಚದ ಸುದ್ದಿ. ನಮ್ಮ ಚಿಕ್ಕೋಡಿಯ ಸಂಸದ ಬಿ. ಶಂಕರಾನಂದ ಅಧ್ಯಕ್ಷತೆಯ ಜಂಟಿ ಸಂಸದೀಯ ಸಮಿತಿ, ಭಾರತೀಯರಿಗೆ ಲಂಚ ಹೋದುದಕ್ಕೆ ಪುರಾವೆ ಇಲ್ಲವೆಂದು 1988ರಲ್ಲಿ ವರದಿ ಕೊಟ್ಟಿತು. ಅದೇ ವರ್ಷದ ಏಪ್ರಿಲ್‌ನಿಂದ ಪತ್ರಕರ್ತೆ ಚಿತ್ರಾ ಸುಬ್ರಮಣಿಯಂ ತಂದ ದಾಖಲೆಗಳು ‘ದಿ ಹಿಂದೂ’ನಲ್ಲಿ ಕಂತುಕಂತಾಗಿ ಬಂದವು. ಅವನ್ನು ಕೊಟ್ಟವರು ಸ್ವೀಡನ್ನಿನಲ್ಲಿ ಈ ಪ್ರಕರಣದ ತನಿಖೆ ನಡೆಸಿದ್ದ ಪೊಲೀಸ್ ಅಧಿಕಾರಿ ಸ್ಟೆನ್ ಲಿಂಡ್‌ಸ್ಟ್ರೋಮ್ ಎಂಬುದು ಜಗತ್ತಿಗೆ ಗೊತ್ತಾದದ್ದು 2012ರಲ್ಲಿ, ಅವರೇ ಬಾಯಿಬಿಟ್ಟ ಮೇಲೆ. ಕಂತಿನಲ್ಲಿ ಬಂದದ್ದರಿಂದಲೇ ಪೆಟ್ಟು ಜೋರಾಯಿತು: ಒಂದು ಕಂತಿಗೆ ಸರ್ಕಾರ ಕೊಟ್ಟ ಉತ್ತರವನ್ನು ಮುಂದಿನ ಕಂತಿನ ಕಾಗದ ಸುಳ್ಳು ಮಾಡುತ್ತಿತ್ತು. ಆ ವರ್ಷವೇ ತಂದ ಮಾನಹಾನಿ ಮಸೂದೆಯನ್ನು ಪತ್ರಕರ್ತರು ಬೀದಿಗಿಳಿದ ಮೇಲೆ ಸರ್ಕಾರ ಹಿಂದಕ್ಕೆ ಪಡೆಯಿತು. 400ಕ್ಕೂ ಹೆಚ್ಚು ಸ್ಥಾನ ಗೆದ್ದಿದ್ದ ಕಾಂಗ್ರೆಸ್ ಪಕ್ಷ 1989ರಲ್ಲಿ 197ಕ್ಕೆ ಇಳಿಯಿತು. ನ್ಯಾಯಾಲಯದಲ್ಲಿ ಮಾತ್ರ ಅದೇ ಕಾಗದಗಳು ಸೋತವು. ದೃಢೀಕೃತ ಮೂಲ ಪ್ರತಿ ಇಲ್ಲ ಎಂಬುದು ದೆಹಲಿ ಹೈಕೋರ್ಟ್ 2005ರಲ್ಲಿ ಉಳಿದ ಆರೋಪಗಳನ್ನು ರದ್ದುಪಡಿಸಲು ಕೊಟ್ಟ ಕಾರಣಗಳಲ್ಲಿ ಒಂದು. ಚುನಾವಣೆಗೆ ಜೆರಾಕ್ಸ್ ಸಾಕು, ಕೋರ್ಟಿಗೆ ಸಾಲದು.

ಆಯೋಗದ ವರದಿಗಳದು ಬೇರೆ ಜಾತಿಯ ಸೋರಿಕೆ. ತನಿಖಾ ಆಯೋಗದ ವರದಿ ಕೈಸೇರಿದ ಆರು ತಿಂಗಳೊಳಗೆ ಕ್ರಮ ಕೈಗೊಂಡ ವಿವರದೊಂದಿಗೆ ಸದನದಲ್ಲಿ ಮಂಡಿಸಬೇಕು ಎಂಬುದು ಕಾನೂನು. ಇಂದಿರಾ ಗಾಂಧಿ ಹತ್ಯೆ ಕುರಿತ ಠಕ್ಕರ್ ಆಯೋಗದ ವರದಿಯನ್ನು ಮಂಡಿಸದೆ ಇಟ್ಟುಕೊಳ್ಳಲು 1986ರಲ್ಲಿ ಆ ಕಾನೂನನ್ನೇ ತಿದ್ದಲಾಯಿತು. 1989ರ ಮಾರ್ಚ್‌ನಲ್ಲಿ ಅದರ ಭಾಗಗಳು ‘ಇಂಡಿಯನ್ ಎಕ್ಸ್‌ಪ್ರೆಸ್’ನಲ್ಲಿ ಬಂದವು, ಅದೇ ತಿಂಗಳು ವರದಿ ಸಂಸತ್ತಿನ ಮೇಜಿಗೂ ಬಂತು. 17 ವರ್ಷ, 48 ವಿಸ್ತರಣೆ ಪಡೆದ, ಬಾಬರಿ ಮಸೀದಿ ಧ್ವಂಸ ಕುರಿತ ಲಿಬರ್ಹಾನ್ ಆಯೋಗದ್ದೂ ಇದೇ ಕಥೆ: 2009ರ ನವೆಂಬರ್ 23ರಂದು ಪತ್ರಿಕೆಯಲ್ಲಿ, 24ರಂದು ಸದನದಲ್ಲಿ. ಪ್ರತಿ ಸಲವೂ ಸದನದ ಮೊದಲ ಗದ್ದಲ ವರದಿಯ ಒಳಗೇನಿದೆ ಎಂಬುದಕ್ಕಲ್ಲ, ಹೊರಗೆ ಹೋದದ್ದು ಹೇಗೆ ಎಂಬುದಕ್ಕೆ.

ಇಡೀ ದಾಖಲೆ ಹಿಂದೆಯೇ ಬಂದ ಸೋರಿಕೆ, ಬಾರದೇ ಉಳಿದ ಸೋರಿಕೆ, ಎರಡಕ್ಕೂ ಕರ್ನಾಟಕ ಮಾದರಿ ಒದಗಿಸಿದೆ. 2011ರ ಜುಲೈನಲ್ಲಿ ಅಕ್ರಮ ಗಣಿಗಾರಿಕೆ ಕುರಿತ ಲೋಕಾಯುಕ್ತ ವರದಿಯ ಸಾರ ಸಲ್ಲಿಕೆಗೆ ಮುಂಚೆಯೇ ಟಿ.ವಿ.ಗಳಲ್ಲಿ ಓಡಿತು. 27ರಂದು ವರದಿ ಅಧಿಕೃತವಾಗಿ ಸಲ್ಲಿಕೆಯಾಯಿತು, 31ರಂದು ಮುಖ್ಯಮಂತ್ರಿ ರಾಜೀನಾಮೆ. ಅಲ್ಲಿ ಸೋರಿದ ಸಾರವನ್ನು ವಾರದೊಳಗೆ ಇಡೀ ವರದಿ ಬೆಂಬಲಿಸಿತು. ಜಾತಿ ಸಮೀಕ್ಷೆಯಲ್ಲಿ ಹಾಗಾಗಲಿಲ್ಲ. 2015ರಲ್ಲಿ ಮನೆಮನೆ ಸುತ್ತಿ ಸಂಗ್ರಹಿಸಿದ ಮಾಹಿತಿಯ ವರದಿ ಸರ್ಕಾರದ ಕೈಗೆ ಬಂದದ್ದು 2024ರ ಫೆಬ್ರುವರಿ 29ರಂದು, ಸಂಪುಟದ ಮುಂದೆ ತೆರೆದದ್ದು 2025ರ ಏಪ್ರಿಲ್‌ನಲ್ಲಿ. ನಡುವಿನ ವರ್ಷಗಳಲ್ಲಿ ಬಗೆಬಗೆಯ ‘ಸೋರಿದ ಅಂಕಿ’ಗಳು ಓಡಾಡಿದವು. ಅಂಕಿ ಸೋರಿತು, ಕೋಷ್ಟಕ ಸೋರಲಿಲ್ಲ. ಉಪಜಾತಿ ಹೆಸರಿನಲ್ಲಿ ಬರೆಸಿದವರನ್ನು ಯಾವ ತಲೆಬರಹದಡಿ ಕೂಡಿಸಿದರು ಎಂಬುದು ಗೊತ್ತಿಲ್ಲದೆ ಒಂದು ಸಮುದಾಯದ ಮೊತ್ತವನ್ನು ಒಪ್ಪಲೂ ಆಗದು, ಅಲ್ಲಗಳೆಯಲೂ ಆಗದು. ಒಪ್ಪದವರಿಗೆ ಅದು ‘ಅವೈಜ್ಞಾನಿಕ’, ಒಪ್ಪಿದವರಿಗೆ ‘ಮುಚ್ಚಿಟ್ಟ ಸತ್ಯ’. ಕೊನೆಗೆ 2025ರ ಜೂನ್‌ನಲ್ಲಿ ಹೊಸ ಸಮೀಕ್ಷೆಯ ತೀರ್ಮಾನವಾಯಿತು. ಅರೆಬರೆ ಸೋರಿಕೆ ಒಂದು ದಾಖಲೆಯನ್ನು ಹುಟ್ಟುವ ಮೊದಲೇ ಹಳತು ಮಾಡಬಲ್ಲದು.

ನಡುವೆ 2005ರ ಮಾಹಿತಿ ಹಕ್ಕು ಕಾಯ್ದೆ ಬಂದು ಲೆಕ್ಕಾಚಾರ ಬದಲಾಯಿತು. ಅದರ 22ನೇ ಸೆಕ್ಷನ್, ರಹಸ್ಯ ಕಾಯ್ದೆ ಜತೆ ತಿಕ್ಕಾಟವಾದಲ್ಲಿ ಮಾಹಿತಿ ಹಕ್ಕೇ ಮೇಲು ಎನ್ನುತ್ತದೆ. 8(2) ಇನ್ನೂ ಮುಂದೆ ಹೋಗಿ, ಬಹಿರಂಗದ ಸಾರ್ವಜನಿಕ ಹಿತ ಹಾನಿಗಿಂತ ದೊಡ್ಡದಾದರೆ ವಿನಾಯಿತಿಯುಳ್ಳ ಮಾಹಿತಿಯನ್ನೂ ಕೊಡಬಹುದು ಎನ್ನುತ್ತದೆ. 2006ರಲ್ಲಿ ವೀರಪ್ಪ ಮೊಯಿಲಿ ಅಧ್ಯಕ್ಷತೆಯ ಎರಡನೇ ಆಡಳಿತ ಸುಧಾರಣಾ ಆಯೋಗ ತನ್ನ ಮೊದಲ ವರದಿಯಲ್ಲೇ, ರಹಸ್ಯ ಕಾಯ್ದೆ ರದ್ದಾಗಲಿ, ಗೂಢಚರ್ಯೆಗೆ ಬೇಕಾದಷ್ಟನ್ನು ರಾಷ್ಟ್ರೀಯ ಭದ್ರತಾ ಕಾನೂನಿಗೆ ಸೇರಿಸಿ ಎಂದು ಶಿಫಾರಸು ಮಾಡಿತು. ಬಂದ ಯಾವ ಸರ್ಕಾರವೂ ಅದನ್ನು ಜಾರಿಗೆ ತರಲಿಲ್ಲ. ಕೋಲು ಕೈಯಲ್ಲಿದ್ದವರಿಗೆ ಅದನ್ನು ಮುರಿಯುವ ತುರ್ತು ಇರುವುದಿಲ್ಲ.

ಈ ಎಲ್ಲ ಎಳೆಗಳೂ ಒಂದೆಡೆ ಸೇರಿದ್ದು ರಫೇಲ್ ವಿಚಾರಣೆಯಲ್ಲಿ. ಶುರುವಾದದ್ದು ಸೋರಿಕೆಯಿಂದಲ್ಲ, ಮುಚ್ಚಿದ ಲಕೋಟೆಯಿಂದ. ಬೆಲೆಯ ವಿವರವನ್ನು ಸರ್ಕಾರ ಲಕೋಟೆಯಲ್ಲಿ ಸುಪ್ರೀಂ ಕೋರ್ಟಿಗೆ ಕೊಟ್ಟಿತ್ತು. 2018ರ ಡಿಸೆಂಬರ್ 14ರಂದು ಖರೀದಿಯ ತನಿಖೆ ಕೋರಿದ ಅರ್ಜಿಗಳನ್ನು ವಜಾ ಮಾಡಿದ ತೀರ್ಪಿನಲ್ಲಿ, ಮಹಾಲೇಖಪಾಲರ (ಸಿಎಜಿ) ವರದಿಯನ್ನು ಸಾರ್ವಜನಿಕ ಲೆಕ್ಕಪತ್ರ ಸಮಿತಿ ಪರಿಶೀಲಿಸಿದೆ ಎಂಬ ಸಾಲಿತ್ತು. ಅಂಥ ವರದಿ ತಮ್ಮ ಮುಂದೆ ಬಂದೇ ಇಲ್ಲ ಎಂದರು ಸಮಿತಿಯ ಅಧ್ಯಕ್ಷರಾಗಿದ್ದ ಮಲ್ಲಿಕಾರ್ಜುನ ಖರ್ಗೆ. ಮರುದಿನವೇ ಸರ್ಕಾರ ತಿದ್ದುಪಡಿ ಕೋರಿ ಅರ್ಜಿ ಹಾಕಿತು: ನಾವು ಬರೆದದ್ದು ಸಾಮಾನ್ಯ ಪದ್ಧತಿಯ ವಿವರಣೆ, ಕೋರ್ಟು ಅದನ್ನು ನಡೆದುಹೋದ ಸಂಗತಿಯೆಂದು ಓದಿಕೊಂಡಿದೆ ಎಂದು. ಒಂದು ಕ್ರಿಯಾಪದದ ಕಾಲ ತಪ್ಪಿತ್ತು. ಲಕೋಟೆಯ ಪ್ರತಿ ಎದುರು ಪಕ್ಷದ ಕೈಗೆ ಸಿಕ್ಕಿದ್ದರೆ ಆ ತಪ್ಪು ವಾದದ ದಿನವೇ ಸಿಕ್ಕಿಬೀಳುತ್ತಿತ್ತು. ಸಿಎಜಿ ವರದಿ ಸಂಸತ್ತಿಗೆ ಬಂದದ್ದು 2019ರ ಫೆಬ್ರುವರಿ 13ರಂದು, ಬೆಲೆಯ ಅಂಕಿಗಳನ್ನು ಮರೆಮಾಡಿ.

ಯಶವಂತ ಸಿನ್ಹಾ, ಅರುಣ್ ಶೌರಿ ಮತ್ತು ಪ್ರಶಾಂತ್ ಭೂಷಣ್ ಮರುಪರಿಶೀಲನಾ ಅರ್ಜಿಗೆ ಮೂರು ಸೋರಿದ ದಾಖಲೆ ಜೋಡಿಸಿದರು. ಖರೀದಿ ಮಾತುಕತೆ ತಂಡದ ಮೂವರು ಸದಸ್ಯರು 2016ರ ಜೂನ್ 1ರಂದು ಬರೆದ ಎಂಟು ಪುಟಗಳ ಭಿನ್ನಮತದ ಟಿಪ್ಪಣಿ ಮತ್ತು ಕಡತದ ಇನ್ನೆರಡು ಟಿಪ್ಪಣಿಗಳು. ಮಾರ್ಚ್ 6ರಂದು ಅಟಾರ್ನಿ ಜನರಲ್, ಇವು ರಕ್ಷಣಾ ಸಚಿವಾಲಯದಿಂದ ಕಳವಾದವು ಎಂದರು. ಎರಡು ದಿನ ಕಳೆದು, ತಾವು ಹೇಳಿದ್ದು ಮೂಲದ ನಕಲು ಪ್ರತಿಗಳ ಬಗ್ಗೆ ಎಂದು ಸ್ಪಷ್ಟಪಡಿಸಿದರು. ಕಾನೂನಿನ ದೃಷ್ಟಿಯಿಂದ ಎರಡರ ಪರಿಣಾಮ ಒಂದೇ: ಕಳವಾಗಿದೆ ಎಂದ ಮೇಲೆ ದಾಖಲೆ ಖೋಟಾ ಎನ್ನುವ ದಾರಿ ಮುಚ್ಚಿತು. ಬೊಫೋರ್ಸ್ ಕಾಗದಕ್ಕೆ ಸಿಗದ ದೃಢೀಕರಣ ಇಲ್ಲಿ ಪುಕ್ಕಟೆಯಾಗಿ ಸಿಕ್ಕಿತು.

ಸರ್ಕಾರಕ್ಕೆ ಉಳಿದಿದ್ದ ಆಧಾರ 2024ರವರೆಗೆ ಜಾರಿಯಲ್ಲಿದ್ದ ಹಳೆಯ ಸಾಕ್ಷ್ಯ ಕಾಯ್ದೆಯ 123ನೇ ಸೆಕ್ಷನ್. ಪ್ರಕಟವಾಗದ ಸರ್ಕಾರಿ ದಾಖಲೆಯಿಂದ ಸಾಕ್ಷ್ಯ ಕೊಡಲು ಇಲಾಖಾ ಮುಖ್ಯಸ್ಥರ ಅನುಮತಿ ಬೇಕು ಎನ್ನುತ್ತಿತ್ತು ಅದು. ಏಪ್ರಿಲ್ 10ರಂದು ಮೂವರು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಆ ಆಕ್ಷೇಪ ತಳ್ಳಿಹಾಕಿತು. ಪತ್ರಿಕೆಯಲ್ಲಿ ಬಂದು ಊರೆಲ್ಲ ಓದಿದ ಮೇಲೆ ಅದು ‘ಪ್ರಕಟವಾಗದ’ ದಾಖಲೆ ಹೇಗಾದೀತು? ರಹಸ್ಯ ಮೊಹರಿನ ದಾಖಲೆ ಅಚ್ಚಾಗುವುದನ್ನಾಗಲಿ ಕೋರ್ಟಿನ ಮುಂದೆ ಬರುವುದನ್ನಾಗಲಿ ತಡೆಯುವ ಅಧಿಕಾರವನ್ನು ರಹಸ್ಯ ಕಾಯ್ದೆ ಕಾರ್ಯಾಂಗಕ್ಕೆ ಕೊಟ್ಟಿಲ್ಲ ಎಂದಿತು. ವಿಯೆಟ್ನಾಂ ಯುದ್ಧದ ಸೋರಿದ ದಾಖಲೆಗಳ ಪ್ರಕಟಣೆ ಕುರಿತ 1971ರ ಅಮೆರಿಕದ ‘ಪೆಂಟಗನ್ ಪೇಪರ್ಸ್’ ತೀರ್ಪನ್ನೂ, ಪ್ರಧಾನಿ ಪ್ರವಾಸದ ಭದ್ರತಾ ಕೈಪಿಡಿಯ ಕುರಿತ ನಮ್ಮದೇ 1975ರ ರಾಜ್ ನಾರಾಯಣ್ ತೀರ್ಪನ್ನೂ ನೆನೆಯಿತು.

ರಾಜಕೀಯವಾಗಿ ಏನಾಯಿತು? ಲೋಕಸಭೆಯ ಮೊದಲ ಹಂತದ ಮತದಾನ ಮರುದಿನವೇ ಇತ್ತು. ದಾಖಲೆ ಪರಿಶೀಲಿಸಬಹುದು ಎಂದಷ್ಟೇ ಹೇಳಿದ್ದ ತೀರ್ಪನ್ನು, ಪ್ರಧಾನಿ ತಪ್ಪಿತಸ್ಥರೆಂದು ಕೋರ್ಟೇ ಹೇಳಿತು ಎಂಬಂತೆ ಪ್ರಚಾರದಲ್ಲಿ ಬಳಸಿದ್ದಕ್ಕೆ ರಾಹುಲ್ ಗಾಂಧಿ ಮೇ 8ರಂದು ಕೋರ್ಟಿನಲ್ಲಿ ಬೇಷರತ್ ಕ್ಷಮೆ ಕೇಳಬೇಕಾಯಿತು. ಆಡಳಿತ ಪಕ್ಷ 303 ಸ್ಥಾನಗಳೊಂದಿಗೆ ಮರಳಿತು. ನವೆಂಬರ್ 14ರಂದು ಮರುಪರಿಶೀಲನಾ ಅರ್ಜಿಗಳೂ ವಜಾ ಆದವು. ಮತಪೆಟ್ಟಿಗೆ ಅಲುಗಿಸಿದ ಬೊಫೋರ್ಸ್ ಕಾಗದ ಕೋರ್ಟಿನಲ್ಲಿ ಬಿದ್ದಿತ್ತು; ಕೋರ್ಟಿನ ಬಾಗಿಲು ದಾಟಿದ ರಫೇಲ್ ಹಾಳೆ ಮತಪೆಟ್ಟಿಗೆಯನ್ನು ಮುಟ್ಟಲಿಲ್ಲ. ಆದರೆ ಮುಂದೆ ಯಾರೇ ಸೋರಿದ ದಾಖಲೆ ಹಿಡಿದು ಕೋರ್ಟಿಗೆ ಹೋದರೂ ಮೊದಲು ತೆಗೆದಿಡುವುದು ಏಪ್ರಿಲ್ 10ರ ತೀರ್ಪನ್ನೇ.

ಕೋರ್ಟು ಹೀಗೆ ಹೇಳಿದರೂ ಕಚೇರಿಯ ತರ್ಕ ಬೇರೆ. 1962ರ ಚೀನಾ ಯುದ್ಧದ ಸೋಲಿನ ಬಗ್ಗೆ 1963ರಲ್ಲಿ ಸಲ್ಲಿಕೆಯಾದ ಹೆಂಡರ್ಸನ್ ಬ್ರೂಕ್ಸ್ ವರದಿಯ ಮೊದಲ ಸಂಪುಟದ ಬಹುಭಾಗವನ್ನು ಆಸ್ಟ್ರೇಲಿಯಾದ ಪತ್ರಕರ್ತ ನೆವಿಲ್ ಮ್ಯಾಕ್ಸ್‌ವೆಲ್ 2014ರ ಮಾರ್ಚ್‌ನಲ್ಲಿ ಇಂಟರ್ನೆಟ್‌ಗೆ ಹಾಕಿದರು. ಯಾರು ಬೇಕಾದರೂ ಇಳಿಸಿಕೊಂಡು ಓದಬಹುದು. ರಕ್ಷಣಾ ಸಚಿವಾಲಯದಲ್ಲಿರುವ ಪ್ರತಿಯ ಮೇಲೆ ಮಾತ್ರ ಟಾಪ್ ಸೀಕ್ರೆಟ್ ಮೊಹರು ಹಾಗೇ ಇದೆ.