1881ರ ಬೆಳ್ಳಿ ಡಾಲರ್ ಅಪರೂಪದ್ದೇ?

ಪ್ರಶ್ನೆ: ಅಮೆರಿಕದಲ್ಲಿರುವ ಅಕ್ಕನ ಮಗ ಈ ಸಲ ಬಂದಾಗ 1881ರ ಬೆಳ್ಳಿ ಡಾಲರ್ ಒಂದನ್ನು ತಂದುಕೊಟ್ಟ. ಹಿಂಬದಿಯಲ್ಲಿ ಹದ್ದಿನ ಕೆಳಗೆ ‘ಎಸ್’ ಎಂಬ ಸಣ್ಣ ಅಕ್ಷರವಿದೆ. 140 ವರ್ಷ ದಾಟಿದ ನಾಣ್ಯವಲ್ಲವೇ, ಅಪರೂಪದ್ದೇ ಇರಬೇಕು. ಎಷ್ಟು ಬೆಲೆ ಬಾಳಬಹುದು?

ಉತ್ತರ: ನಿಮ್ಮ ಉತ್ಸಾಹಕ್ಕೆ ಮೊದಲೇ ತಣ್ಣೀರು ಎರಚುತ್ತಿದ್ದೇನೆ, ಕ್ಷಮಿಸಿ. ನಿಮ್ಮಲ್ಲಿರುವುದು ಮಾರ್ಗನ್ ಡಾಲರ್. ಅದನ್ನು ರೂಪಿಸಿದ ಜಾರ್ಜ್ ಮಾರ್ಗನ್‌ನ ಹೆಸರೇ ಅದಕ್ಕೆ ನಿಂತಿದೆ. ‘ಎಸ್’ ಎಂದರೆ ಸ್ಯಾನ್ ಫ್ರಾನ್ಸಿಸ್ಕೊ ಟಂಕಸಾಲೆ. ಆ ಟಂಕಸಾಲೆ 1881ರಲ್ಲಿ 1,27,60,000 ಡಾಲರ್‌ಗಳನ್ನು ಅಚ್ಚು ಹಾಕಿತು. ಅವುಗಳಲ್ಲಿ ಬಹಳಷ್ಟು ಯಾರ ಜೇಬನ್ನೂ ಸೇರದೆ ಚೀಲಗಳಲ್ಲೇ ಉಳಿದವು. ಹಾಗಾಗಿ ನಿನ್ನೆ ಅಚ್ಚಾದಂತೆ ಹೊಳೆಯುವ 1881ರ ‘ಎಸ್’ ಈಗಲೂ ಸುಲಭವಾಗಿ ಸಿಗುತ್ತದೆ. ಬೆಳ್ಳಿಯ ಬೆಲೆಗಂತೂ ಮೋಸವಿಲ್ಲ: 26.73 ಗ್ರಾಂ ತೂಕದಲ್ಲಿ ನೂರಕ್ಕೆ 90 ಪಾಲು ಬೆಳ್ಳಿ, ಉಳಿದದ್ದು ತಾಮ್ರ.

ಅದೇ ‘ಎಸ್’ ಅಕ್ಷರದ ಜೊತೆ 1893 ಎಂಬ ಇಸವಿ ಇದ್ದಿದ್ದರೆ ಮಾತೇ ಬೇರೆ. ಆ ವರ್ಷ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅಚ್ಚಾದದ್ದು ಒಂದು ಲಕ್ಷ ಮಾತ್ರ. ಸವೆದು ಮಂಕಾದ ನಾಣ್ಯಕ್ಕೂ ಸಾವಿರಾರು ಡಾಲರ್ ಕೊಡುವವರಿದ್ದಾರೆ. 2021ರಲ್ಲಿ ಅತ್ಯುತ್ತಮ ಸ್ಥಿತಿಯ ಒಂದು ನಾಣ್ಯ 20 ಲಕ್ಷ ಡಾಲರ್ ದಾಟಿ ಹರಾಜಾಯಿತು. ಹನ್ನೆರಡು ವರ್ಷ ಚಿಕ್ಕ ನಾಣ್ಯ, ಬೆಲೆ ಮಾತ್ರ ಎಷ್ಟೋ ಪಟ್ಟು. ನಾಣ್ಯದ ಲೋಕದಲ್ಲಿ ವಯಸ್ಸಿಗೆ ಸಿಗುವ ಮರ್ಯಾದೆ ಇಷ್ಟೇ.

ಹಾಗಾದರೆ ಕಡಿಮೆ ಅಚ್ಚಾದದ್ದೆಲ್ಲ ಅಪರೂಪವೇ ಎಂದು ಮುಂದಿನ ಪ್ರಶ್ನೆ ಬರುತ್ತದೆ. ಅದೂ ಪೂರ್ತಿ ನಿಜವಲ್ಲ. ಎಷ್ಟು ಹುಟ್ಟಿದವು ಎನ್ನುವುದಕ್ಕಿಂತ ನಾಣ್ಯ ಕರಗಿಸುವ ಕುಲುಮೆಯಿಂದ ಎಷ್ಟು ತಪ್ಪಿಸಿಕೊಂಡವು ಎಂದು ಕೇಳಬೇಕು. ಈ ಹುಟ್ಟು, ಕುಲುಮೆಗಳ ಕಥೆಯಲ್ಲಿ ಎರಡು ಸಲ ಭಾರತಕ್ಕೂ ದೊಡ್ಡ ಪಾತ್ರವಿದೆ.

1878ರ ಕಾನೂನೊಂದು ಅಮೆರಿಕ ಸರ್ಕಾರಕ್ಕೆ ಪ್ರತಿ ತಿಂಗಳು ಕನಿಷ್ಠ 20 ಲಕ್ಷ ಡಾಲರ್ ಮೌಲ್ಯದ ಬೆಳ್ಳಿ ಕೊಂಡು ನಾಣ್ಯ ಮಾಡಬೇಕೆಂದು ಕಟ್ಟಳೆ ಹಾಕಿತ್ತು. ಬೆಳ್ಳಿ ಗಣಿಗಳ ಒಡೆಯರಿಗೆ ಹಬ್ಬ. ಜನರಿಗೆ ಮಾತ್ರ ಈ ಭಾರದ ನಾಣ್ಯ ಬೇಕಿರಲಿಲ್ಲ, ಅದು ಖಜಾನೆಯಲ್ಲಿ ರಾಶಿ ಬಿತ್ತು. ಇತ್ತ ಭಾರತದ ಟಂಕಸಾಲೆಗಳು ಯಾರು ಬೆಳ್ಳಿ ತಂದರೂ ರೂಪಾಯಿ ಮಾಡಿಕೊಡುತ್ತಿದ್ದವು. 1893ರ ಜೂನ್ 26ರಂದು ಬ್ರಿಟಿಷ್ ಆಡಳಿತ ಆ ಬಾಗಿಲನ್ನು ಮುಚ್ಚಿದ್ದೇ ತಡ, ಬೆಳ್ಳಿಯ ಬೆಲೆ ಜಾರಿತು. ಆಗಲೇ ಆರ್ಥಿಕ ಬಿಕ್ಕಟ್ಟಿನಲ್ಲಿದ್ದ ಅಮೆರಿಕದಲ್ಲಿ ನಾಲ್ಕು ದಿನಗಳೊಳಗೆ ಅಧ್ಯಕ್ಷ ಗ್ರೋವರ್ ಕ್ಲೀವ್‌ಲ್ಯಾಂಡ್ ಸಂಸತ್ತಿನ ವಿಶೇಷ ಅಧಿವೇಶನ ಕರೆದರು. ಸರ್ಕಾರ ಬೆಳ್ಳಿ ಕೊಳ್ಳುವ ಕಟ್ಟಳೆ ನವೆಂಬರ್ 1ರಂದು ರದ್ದಾಯಿತು. ಆ ವರ್ಷ ಅಮೆರಿಕದ ನಾಲ್ಕೂ ಟಂಕಸಾಲೆಗಳ ಬೆಳ್ಳಿ ಡಾಲರ್‌ಗಳನ್ನು ಕೂಡಿದರೂ 15 ಲಕ್ಷ ಮುಟ್ಟುವುದಿಲ್ಲ.

ಎರಡನೆಯ ಘಟನೆ ಇನ್ನೂ ದೊಡ್ಡದು. ಮೊದಲ ಮಹಾಯುದ್ಧದ ಕೊನೆಯ ಹೊತ್ತಿಗೆ ಭಾರತದಲ್ಲಿ ಜನ ಕಾಗದದ ನೋಟನ್ನು ನಂಬದೆ ಬೆಳ್ಳಿ ರೂಪಾಯಿ ಕೇಳತೊಡಗಿದರು. ಕೊಡಲು ಸರ್ಕಾರದ ಬಳಿ ಬೆಳ್ಳಿ ಇರಲಿಲ್ಲ. ಬ್ರಿಟನ್ ಅಮೆರಿಕದ ಮೊರೆ ಹೊಕ್ಕಿತು. 1918ರ ಏಪ್ರಿಲ್‌ನಲ್ಲಿ ಬಂದ ಪಿಟ್‌ಮನ್ ಕಾನೂನಿನಡಿ 27 ಕೋಟಿಗೂ ಹೆಚ್ಚು ಬೆಳ್ಳಿ ಡಾಲರ್‌ಗಳು ಕರಗಿದವು, ಸುಮಾರು 26 ಕೋಟಿ ಡಾಲರ್‌ಗಳ ಬೆಳ್ಳಿ ಭಾರತಕ್ಕಾಗಿ ಮಾರಾಟವಾಯಿತು. ನಿಮ್ಮ ಮನೆಯ ದೇವರ ಪೆಟ್ಟಿಗೆಯಲ್ಲಿ ಐದನೆಯ ಜಾರ್ಜನ 1918 ಅಥವಾ 1919ರ ರೂಪಾಯಿ ಇದ್ದರೆ ಅದರೊಳಗೆ ನಿಮ್ಮ ಡಾಲರಿನ ಒಡಹುಟ್ಟಿದವರು ಸೇರಿರಬಹುದು. ಯಾವ ಇಸವಿಯ, ಯಾವ ಟಂಕಸಾಲೆಯ ನಾಣ್ಯ ಎಷ್ಟು ಕರಗಿತೆಂದು ಆಗ ಯಾರೂ ಲೆಕ್ಕ ಬರೆದಿಡಲಿಲ್ಲ. ಸಂಗ್ರಾಹಕರ ತಲೆನೋವೆಲ್ಲ ಅಲ್ಲಿಂದಲೇ.

ಲೆಕ್ಕವಿಲ್ಲದ ಕಡೆ ಊಹೆಗೇ ಬೆಲೆ. ನ್ಯೂ ಆರ್ಲಿಯನ್ಸ್ ಟಂಕಸಾಲೆಯ 1903ರ ಡಾಲರ್ 44,50,000 ಅಚ್ಚಾಗಿದ್ದರೂ ಹೆಚ್ಚುಕಡಿಮೆ ಎಲ್ಲವೂ ಕರಗಿಹೋಗಿವೆ ಎಂದೇ ಎಲ್ಲರೂ ನಂಬಿದ್ದರು. ಬಳಸದ ನಾಣ್ಯಕ್ಕೆ 1500 ಡಾಲರ್ ಬೆಲೆ ಕಟ್ಟಿದ್ದರು. 1962ರ ಕೊನೆಗೆ ಖಜಾನೆಯ ಹಳೆಯ ಕೊಠಡಿಯೊಂದನ್ನು ತೆರೆದಾಗ ಆ ನಾಣ್ಯಗಳು ಚೀಲಗಟ್ಟಲೆ ಹೊರಬಂದವು, ಜೊತೆಗೆ ಅದೇ ಊರಿನ 1898ರವೂ ಬಂದವು. ಬೆಲೆ ನೆಲ ಕಚ್ಚಿತು. ಸಾಲ ಮಾಡಿ ಕೊಂಡವರ ಪಾಡು ಏನಾಗಿರಬೇಡ!

ಇನ್ನು ಖೋಟಾ ನಾಣ್ಯದ ಮಾತು. 1893ರ ಫಿಲಡೆಲ್ಫಿಯಾ ನಾಣ್ಯಕ್ಕೆ ಟಂಕಸಾಲೆಯ ಗುರುತೇ ಇಲ್ಲ. ಅದರ ಬೆನ್ನಿಗೆ ಬೇರೆಡೆಯಿಂದ ಕತ್ತರಿಸಿದ ‘ಎಸ್’ ಅಂಟಿಸಿ ಮಾರುವ ಕೈಚಳಕ ಹಳೆಯದು. ಅದೃಷ್ಟಕ್ಕೆ ಚಲಾವಣೆಗಾಗಿ ಮಾಡಿದ ಆ ಒಂದು ಲಕ್ಷ ನಾಣ್ಯಗಳ ಮುಖವನ್ನೆಲ್ಲ ಒಂದೇ ಅಚ್ಚಿನಿಂದ ಒತ್ತಿದ್ದರು. ಆ ಮುಖದಲ್ಲಿರುವ ಹೆಣ್ಣಿನ ತಲೆಪಟ್ಟಿಯ ಮೇಲಿನ ‘ಲಿಬರ್ಟಿ’ ಪದದ ‘ಟಿ’ ಅಕ್ಷರದ ತಲೆಯಲ್ಲಿ ಓರೆಯಾದ ಒಂದು ಕೂದಲೆಳೆಯ ಗೆರೆ ಇರುತ್ತದೆ. ತೀರಾ ಸವೆಯದ ನಾಣ್ಯದಲ್ಲಿ ಭೂತಗನ್ನಡಿ ಹಿಡಿದರೆ ಕಾಣಿಸುತ್ತದೆ. ಹಾಗಿದ್ದರೂ ಇಂಥ ನಾಣ್ಯವನ್ನು ಪರೀಕ್ಷಕ ಸಂಸ್ಥೆ ನೋಡಿ, ದರ್ಜೆ ಕೊಟ್ಟು, ಪ್ಲಾಸ್ಟಿಕ್ ಕವಚದಲ್ಲಿ ಮುದ್ರೆ ಹಾಕಿಟ್ಟಿದ್ದರೆ ಮಾತ್ರ ಕೊಳ್ಳಿ. ದರ್ಜೆ 1ರಿಂದ 70ರವರೆಗೆ ಇರುತ್ತದೆ. ಮೇಲಿನ ದರ್ಜೆಗಳಲ್ಲಿ ಒಂದಂಕ ಏರಿದರೂ ಬೆಲೆ ಹಲವು ಪಟ್ಟಾಗುವುದುಂಟು.

ನಿಮ್ಮ ನಾಣ್ಯ ಕಪ್ಪಾಗಿದ್ದರೆ ದಯವಿಟ್ಟು ಉಜ್ಜಬೇಡಿ. ದೀಪದ ಕಂಬಕ್ಕೆ ವಿಭೂತಿ, ಹುಣಸೆಹಣ್ಣು ಸರಿ. ನಾಣ್ಯಕ್ಕೆ ಅದೇ ಮಾಡಿದರೆ ಮೇಲ್ಮೈ ಗೀರಾಗಿ, ಉಜ್ಜಿದ್ದು ಬಲ್ಲವರಿಗೆ ಒಂದೇ ನೋಟಕ್ಕೆ ತಿಳಿಯುತ್ತದೆ. ಕಳೆದುಹೋದ ಬೆಲೆ ಮತ್ತೆ ಬರುವುದಿಲ್ಲ.

ಮುಂದಿನ ಸಲ ಏನು ತರಲಿ ಎಂದು ಅಕ್ಕನ ಮಗ ಕೇಳಿದರೆ ‘ಸಿಸಿ’ ಗುರುತಿನ 1884ರ ಡಾಲರ್ ಕೇಳಿ. ಅದು ನೆವಾಡದ ಬೆಳ್ಳಿ ಗಣಿಗಳ ಪಕ್ಕದಲ್ಲೇ ಇದ್ದ ಕಾರ್ಸನ್ ಸಿಟಿ ಟಂಕಸಾಲೆಯದು. ಅಚ್ಚಾದ 11,36,000ರಲ್ಲಿ 9,60,000ಕ್ಕೂ ಹೆಚ್ಚು ಖಜಾನೆಯಲ್ಲೇ ಮಲಗಿದ್ದವು. ಸರ್ಕಾರ ಅವನ್ನು 1972ರಿಂದ 1980ರ ನಡುವೆ ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಗಳಲ್ಲಿಟ್ಟು ಮಾರಿತು. ಅಪರೂಪವೇನಲ್ಲ, 1881ರ ‘ಎಸ್’ಗಿಂತ ದುಬಾರಿಯೂ ಹೌದು. ಆದರೆ ಆ ಪೆಟ್ಟಿಗೆಯ ಸಮೇತ ಸಿಕ್ಕರೆ ಬಿಡಬೇಡಿ.